ಮೇಲಕ್ಕೇರಿದ ಗೆರೆ

ಹದಿನಾಲ್ಕನೆಯ ಸ್ಲೈಡಿನಲ್ಲಿ ಕಬ್ಬಿಣ ದಪ್ಪವಾಗುತ್ತಿತ್ತು.

ತಪ್ಪು ತನ್ನದೇ ಇರಬೇಕೆಂದು ಸೂಜಿ ಅಂಕಿಗಳನ್ನು ಅಳಿಸಿ ಮತ್ತೆ ತುಂಬಿದಳು, ಗೆರೆಯನ್ನು ಮತ್ತೆ ಎಳೆಸಿದಳು. ಗೆರೆ ಹಟ ಬಿಡಲಿಲ್ಲ. ನಾಲ್ಕು ವರ್ಷಕ್ಕೆ ನಾಲ್ಕು ಚುಕ್ಕೆ. ಒಂಬತ್ತು ಪಾಯಿಂಟ್ ಎರಡು, ಎಂಟು ಪಾಯಿಂಟ್ ಒಂಬತ್ತು, ಎಂಟು ಪಾಯಿಂಟ್ ಐದು ಎಂದು ಒಂದೊಂದೇ ಮೆಟ್ಟಿಲು ಇಳಿದು ಬಂದ ಗೆರೆ, ಈ ವರ್ಷ ಮೇಲೆ ಏನೋ ಮರೆತು ಬಂದವರ ಹಾಗೆ ತಿರುಗಿ ಎಂಟು ಪಾಯಿಂಟ್ ಎಂಟಕ್ಕೆ ಹತ್ತಿ ನಿಂತಿತ್ತು. ಮೂರನೇ ನಂಬರ್ ಬಾಯ್ಲರಿನ ಹೊಟ್ಟೆಯ ತಗಡು ಎಷ್ಟು ಮಿಲಿಮೀಟರ್ ದಪ್ಪವಿದೆ ಎಂಬ ಲೆಕ್ಕ ಅದು. ಒಳಗಿನಿಂದ ಕುದಿಯುವ ನೀರು, ಹೊರಗಿನಿಂದ ಬೆಂಕಿ ತಿನ್ನುವ ತಗಡು ವರ್ಷವರ್ಷ ಸವೆಯುತ್ತದೆ. ರಜೆಗೆ ಅಜ್ಜಿ ಮನೆಗೆ ಹೋಗಿ ಮೈಕೈ ತುಂಬಿಕೊಂಡು ಬರಲು ಅದೇನು ಮೊಮ್ಮಗನಲ್ಲ.

ಗೋಡೆಯ ಗಡಿಯಾರ ಒಂಬತ್ತಕ್ಕೆ ಹತ್ತು ನಿಮಿಷವಿದೆ ಎನ್ನುತ್ತಿತ್ತು. ಸಭೆ ಹನ್ನೊಂದಕ್ಕೆ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದು. ಬಣ್ಣಕ್ಕೆ ಬಿಸಿನೀರು, ಬಿಸಿನೀರಿಗೆ ಹಬೆ, ಹಬೆಗೆ ಮೂರು ಬಾಯ್ಲರು. ಒಂದು, ಎರಡು ಹೊಸವು. ಅವುಗಳ ತಪಾಸಣೆಯನ್ನು ಮಾರಿದ ಕಂಪನಿಯವರೇ ಬಂದು ಮಾಡಿ ಹೋಗುತ್ತಾರೆ. ಮೂರನೆಯದು ಹಳೆಯದು. ವರ್ಷಕ್ಕೊಮ್ಮೆ ಅದನ್ನು ಆರಿಸಿ, ತಣಿಸಿ, ನಲವತ್ತೆಂಟು ಕಡೆ ತಗಡಿನ ದಪ್ಪ ಅಳೆಯಬೇಕು. ಎಲ್ಲಾದರೂ ಎಂಟು ಪಾಯಿಂಟ್ ಎರಡಕ್ಕಿಂತ ಕಡಿಮೆ ಬಂದರೆ ಬೆಂಕಿ ಹಚ್ಚುವ ಹಾಗಿಲ್ಲ; ಹಬೆಯ ಒತ್ತಡಕ್ಕೆ ತಗಡು ಸಿಡಿಯಬಹುದು. ಈ ವರ್ಷದ ಅಳತೆ ಮುಗಿದಿತ್ತು. ಹನ್ನೊಂದರ ಸಭೆ ತಲೆಯಾಡಿಸಿದರೆ ಸಂಜೆ ನಾಲ್ಕಕ್ಕೆ ಒಲೆ ಹೊತ್ತಿಕೊಳ್ಳುತ್ತದೆ.

ಅಳೆದವರು ಕಾರ್ಖಾನೆಯ ಸುರಕ್ಷತಾ ಇನ್‌ಸ್ಪೆಕ್ಟರ್. ಸೂಜಿಗೆ ಅಕ್ಕನ ಗಂಡ. ಗೇಟಿನ ಆಚೆ ‘ಭಾವ’, ಈಚೆ ‘ಸಾರ್’. ಕೆಲಸಕ್ಕೆ ಸೇರಿಸಿದವರೂ ಅವರೇ, ಇರಲು ಮನೆಯಲ್ಲಿ ಕೋಣೆ ಕೊಟ್ಟವರೂ ಅವರೇ, ಸೂಜಿ ಎಂದು ಹೆಸರಿಟ್ಟವರೂ ಅವರೇ. ತೆಳ್ಳಗಿದ್ದಾಳೆ, ಮುಟ್ಟಿದಲ್ಲಿ ಚುಚ್ಚುತ್ತಾಳೆ ಎಂಬುದು ಅವರ ಸಮಜಾಯಿಷಿ.

ಅವಳ ಕೆಲಸ ಸ್ಲೈಡ್ ಮಾಡುವುದು. ಅವಳು ಬರುವ ಮೊದಲು ಈ ಕಾರ್ಖಾನೆಯ ಸ್ಲೈಡುಗಳು ಒಂದು ಬಗೆಯ ಶಿಕ್ಷೆಯಾಗಿದ್ದವು. ಮಾರಾಟದ ಮುಖ್ಯಸ್ಥರು ಆಕಾಶನೀಲಿಯ ಮೇಲೆ ನಿಂಬೆಹಳದಿ ಅಕ್ಷರ ಹಾಕಿಸುತ್ತಿದ್ದರು; ಪ್ರತಿಯೊಂದು ಅಕ್ಷರವೂ ಲಾಗ ಹಾಕಿಕೊಂಡು ಬಂದು ಕೂರುತ್ತಿತ್ತು. ಉಳಿದವರ ಸ್ಲೈಡಿನಲ್ಲಿ ಸಕ್ಕರೆ ಚೆಲ್ಲಿದ ಜಾಗಕ್ಕೆ ಇರುವೆ ಮುತ್ತಿದ ಹಾಗೆ ಅಕ್ಷರಗಳು. ಭಾವ ಮೊದಲ ದಿನವೇ ಅವಳಿಗೆ ಹೇಳಿದ್ದರು: “ಹಿಂದಿನ ಕುರ್ಚಿಯವನಿಗೆ ಓದಕ್ಕಾಗ್ಬೇಕು. ಒಂದು ಸ್ಲೈಡಿಗೆ ಒಂದೇ ಮಾತು. ಬಿಳಿ ಮೇಲೆ ಕಪ್ಪು. ಶೃಂಗಾರ ಬೇಡ.” ಅವಳು ಹಾಗೇ ಮಾಡಿದಳು. ಪ್ರತಿ ಸ್ಲೈಡನ್ನೂ ಪರದೆಗೆ ಹಾಕಿ, ಖಾಲಿ ಸಭಾಕೋಣೆಯ ಕೊನೆಯ ಕುರ್ಚಿಯಲ್ಲಿ ಹೋಗಿ ಕೂತು ಓದಿ ನೋಡುತ್ತಿದ್ದಳು. ಆರು ತಿಂಗಳಲ್ಲಿ ಎಂಡಿ ಎಲ್ಲ ವಿಭಾಗದವರಿಗೂ ‘ಸುರಕ್ಷತೆಯವರ ಹಾಗೆ ಮಾಡಿ’ ಎಂದು ಆಜ್ಞೆ ಹೊರಡಿಸಿದರು. ಮಾರಾಟದ ಮುಖ್ಯಸ್ಥರು ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದರು.

ಆದರೆ ಅಕ್ಷರ ಬೆಳೆಯುತ್ತಲೇ ಹೋಯಿತು. ಇಪ್ಪತ್ತನಾಲ್ಕರ ಗಾತ್ರ ಸಾಲದೆಂದು ಭಾವ ಮೂವತ್ತೆರಡು ಮಾಡಿಸಿದರು. ಅದೂ ಸಾಲದೆಂದು ನಲವತ್ತನಾಲ್ಕು. ಹಿಂದಿನ ಕುರ್ಚಿಯವನ ಕಣ್ಣು ಮೂರು ವರ್ಷದಿಂದ ಅದೇ ಕಣ್ಣು. ಕುರ್ಚಿಯೂ ಹಿಂದಕ್ಕೆ ಸರಿದಿರಲಿಲ್ಲ. ಒಂದು ದಿನ ಮನೆಯಲ್ಲಿ ಭಾವ ಪೇಪರನ್ನು ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ ನೋಡುವುದು ಅವಳ ಕಣ್ಣಿಗೆ ಬಿತ್ತು. ಅಕ್ಕ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಕಣ್ಣಿನ ಮಧ್ಯಭಾಗ ಹೋಗಿದೆಯಂತೆ ಕಣೇ. ಅಂಚಲ್ಲಿ ಕಾಣುತ್ತೆ, ಎದುರಿಗಿರೋದು ಕಾಣಲ್ಲ. ಕನ್ನಡಕಕ್ಕೆ ಬಗ್ಗೋ ಕಾಯಿಲೆ ಅಲ್ವಂತೆ.”

“ಆಫೀಸಲ್ಲಿ ಹೇಳಿದಾರಾ?”

“ಹುಚ್ಚಾ ನಿಂಗೆ? ಈ ಮನೆ ಯಾರದು? ಕಂಪನಿದು. ಕೆಲಸ ಹೋದ್ರೆ ಒಂದು ತಿಂಗಳಲ್ಲಿ ಬೀಗದ ಕೈ ಕೇಳ್ತಾರೆ. ಇನ್ನೂ ಎರಡು ಮಕ್ಕಳ ಓದು ಬಾಕಿ. ನಂಗೊತ್ತು, ಅವರಿಗೊತ್ತು, ಈಗ ನಿಂಗೊತ್ತು. ನಾಲ್ಕನೇ ಕಿವಿ ಬೇಡ.”

ಅದು ಹತ್ತು ತಿಂಗಳ ಹಿಂದಿನ ಮಾತು. ಅಕ್ಷರ ದೊಡ್ಡದು ಮಾಡಿದರೆ ಮುಗಿಯಿತು, ಅಷ್ಟು ತನ್ನ ಕೈಯಲ್ಲಿದೆ ಎಂದುಕೊಂಡಿದ್ದಳು. ಸ್ಲೈಡಿನ ಮಟ್ಟಿಗೆ ಅದು ನಿಜ. ದಪ್ಪ ಅಳೆಯುವ ಮೀಟರಿನಲ್ಲಿ ಮೂಡುವ ಅಂಕಿ ಮಾತ್ರ ಕಿರುಬೆರಳಿನ ಉಗುರಿನಷ್ಟು. ಅದನ್ನು ನಲವತ್ತನಾಲ್ಕಕ್ಕೆ ಏರಿಸಲು ಅವಳಿಂದ ಆಗುವಂತಿರಲಿಲ್ಲ.

ಅವಳು ನಲವತ್ತೆಂಟು ಅಳತೆಗಳ ಪಟ್ಟಿಯನ್ನು ತೆರೆದಳು. ಹಿಂದಿನ ವರ್ಷಗಳಲ್ಲಿ ಈ ಪಟ್ಟಿಯನ್ನೇ ಎಂಟು ಸ್ಲೈಡಿಗೆ ಹಂಚಿ ಹಾಕುತ್ತಿದ್ದಳು. “ಅದನ್ನ ಕಿತ್ತಾಕಿ ಒಂದು ಗೆರೆ ಎಳಿ, ಹೊಟ್ಟೆ ಭಾಗದ ಆರು ಜಾಗದ್ದು ಸಾಕು” ಎಂದು ನಿನ್ನೆ ಭಾವನೇ ಹೇಳಿದ್ದರು. ಪಟ್ಟಿಯಲ್ಲಿ ಯಾವ ಅಂಕಿಯೂ ಪಕ್ಕದ ಅಂಕಿಯ ಮೇಲೆ ಚಾಡಿ ಹೇಳುತ್ತಿರಲಿಲ್ಲ. ಈಗ ಗೊತ್ತಿದ್ದು ನೋಡಿದರೆ ಬೇರೆಯೇ ಕಾಣಿಸಿತು. ನಲವತ್ತೆಂಟರಲ್ಲಿ ಮೂವತ್ತೊಂದು ಅಳತೆಗಳು ಎಂಟರಲ್ಲಿ ಮುಗಿಯುತ್ತಿದ್ದವು. ಹೋದ ವರ್ಷ ಹಾಗೆ ಮುಗಿದದ್ದು ನಾಲ್ಕು. ಮೀಟರಿನ ಅಂಕಿಗಳು ಏಳು ಸಣ್ಣ ಕಡ್ಡಿ ಜೋಡಿಸಿ ಮಾಡಿದಂಥವು. ಸೊನ್ನೆಯಾಗಲಿ, ಆರಾಗಲಿ, ಒಂಬತ್ತಾಗಲಿ, ಮಂಜು ಕವಿದ ಕಣ್ಣಿಗೆ ಎಲ್ಲವೂ ಎಂಟೇ.

ಎಂಟು ಪಾಯಿಂಟ್ ಎಂಟು ಎಂದರೆ ಎಂಟು ಪಾಯಿಂಟ್ ಸೊನ್ನೆಯೂ ಆಗಿರಬಹುದು. ಅವಳು ಪಟ್ಟಿಯನ್ನು ಹಾಗೇ ಬಿಟ್ಟು ಎದ್ದಳು.

ಬಾಯ್ಲರ್ ಮನೆಯಲ್ಲಿ ಫೈರ್‌ಮನ್ ಒಬ್ಬನೇ ಇದ್ದ. ಒಲೆಗೆ ಸೌದೆ ಒಟ್ಟುವುದು, ಒತ್ತಡದ ಮುಳ್ಳು ನೋಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ಬಾಯ್ಲರಿನ ಬಾಯಿಗೆ ಎದುರಾಗಿ, ಎಂಟು ಅಡಿ ದೂರದಲ್ಲಿ ಕೂರುತ್ತಿದ್ದವನು. ಅದನ್ನು ಅವನು ಮುದುಕಿ ಎಂದು ಕರೆಯುತ್ತಿದ್ದ.

“ಅಣ್ಣ, ಅಳತೆ ತಗೊಂಡ ದಿನ ಪುಸ್ತಕದಲ್ಲಿ ಬರ್ದಿದ್ದು ನೀವೇನಾ?”

“ನಾನೇ. ಅಕ್ಷರ ಕೆಟ್ಟದಾಗಿದ್ರೆ ನಮ್ಮ ಮೇಷ್ಟ್ರನ್ನ ಕೇಳಿ.”

“ಮೀಟರ್ ನೋಡಿದ್ದು?”

“ಸಾಹೇಬ್ರು. ಅವರು ಕೂಗೋರು, ನಾನು ಬರೆಯೋನು. ಎಂಟು, ಎಂಟು, ಮತ್ತೆ ಎಂಟು ಅಂತ ಒಳ್ಳೆ ಮಗ್ಗಿ ಹೇಳ್ದಂಗೆ ಹೇಳಿದ್ರು. ಬೇಗ ಮುಗೀತು.”

“ನೀವು ಒಂದ್ಸಲಾನೂ ಮೀಟರ್ ಕಡೆ ನೋಡ್ಲಿಲ್ವಾ?”

“ಒಂದು ಕೈಲಿ ಪುಸ್ತಕ, ಒಂದು ಕೈಲಿ ಪೆನ್ನು, ಕಂಕುಳಲ್ಲಿ ಟಾರ್ಚು. ಮೂಗಲ್ಲಿ ನೋಡ್ಲಾ?” ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ. “ಯಾಕೆ ಮೇಡಂ?”

“ಸುಮ್ನೆ ಕೇಳ್ದೆ.”

“ಸುಮ್ನೆ ಕೇಳೋರು ಇಷ್ಟು ಬೆವರಲ್ಲ. ಇಲ್ಲಿನ್ನೂ ಒಲೆ ಹಚ್ಚಿಲ್ಲ.”

ಅವಳು ಹೊರಬಿದ್ದಳು. ಒಲೆಯ ಬಾಯಿಯ ಪಕ್ಕದಲ್ಲಿ ಸಂಜೆಯ ಸೌದೆ ಅಚ್ಚುಕಟ್ಟಾಗಿ ಒಟ್ಟಿ ಆಗಿತ್ತು. ಉತ್ಪಾದನೆಯ ಮುಖ್ಯಸ್ಥರು ಬೆಳಿಗ್ಗೆ ಏಳಕ್ಕೇ ಬಂದು ಹೇಳಿ ಹೋಗಿದ್ದರಂತೆ. ಅವರಿಗೆ ಕಾರ್ಖಾನೆಯಲ್ಲಿ ‘ಅರ್ಜೆಂಟು’ ಎಂದು ಹೆಸರು. ತಮ್ಮ ಮದುವೆಯಲ್ಲೂ ‘ಬೇಗ ಬೇಗ’ ಅಂದಿದ್ದರು ಎಂದು ಪ್ರತೀತಿ.

ಭಾವ ತಮ್ಮ ಕೋಣೆಯಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುತ್ತ ಕೂತಿದ್ದರು. ಇಪ್ಪತ್ತೆರಡು ಸ್ಲೈಡು, ಒಂದೊಂದಕ್ಕೆ ಮೂರು ವಾಕ್ಯ, ಅಷ್ಟನ್ನೂ ಅವರು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಸಭೆಯಲ್ಲಿ ಪರದೆಯ ಕಡೆ ಬೆನ್ನು ಹಾಕಿ, ಕಾಗದ ಮುಟ್ಟದೆ ಮಾತಾಡುವ ಒಬ್ಬರೇ ಅಧಿಕಾರಿ ಎಂದು ಅವರಿಗೆ ಹೆಸರಿತ್ತು.

ಸೂಜಿ ಒಳಗೆ ಬಂದು ಬಾಗಿಲು ಹಾಕಿದಳು.

“ಭಾವ.”

ಅವರು ಕಣ್ಣು ತೆರೆದರು. “ಗೇಟಿನ ಒಳಗೆ ಆ ಹೆಸರಿನೋರು ಯಾರೂ ಇಲ್ಲ.”

“ಹದಿನಾಲ್ಕನೇ ಸ್ಲೈಡಲ್ಲಿ ಗೆರೆ ಮೇಲಕ್ಕೆ ಹೋಗ್ತಿದೆ. ಆರಕ್ಕೆ ಆರು ಜಾಗದಲ್ಲೂ ಎಂಟು ಪಾಯಿಂಟ್ ಎಂಟು. ಹೋದ ವರ್ಷ ಎಂಟು ಪಾಯಿಂಟ್ ಐದಿತ್ತು. ತಗಡು ದಪ್ಪ ಆಗಲ್ಲ.”

“ಗೊತ್ತು. ಅದನ್ನ ನಿಂಗೆ ಹೇಳ್ಕೊಟ್ಟಿದ್ದೇ ನಾನು.”

ಭಾವ ಮೇಜಿನ ಮೇಲಿದ್ದ ಕಪ್ಪನ್ನು ಎತ್ತಲು ಕೈಚಾಚಿದರು. ಕೈ ಅದರ ಪಕ್ಕದಲ್ಲಿ ಇಳಿಯಿತು. ಎರಡನೆಯ ಸಲ ಸಿಕ್ಕಿತು.

“ಹೋದ ವರ್ಷದ್ದೇ ತಪ್ಪಿರಬಹುದು” ಎಂದರು.

“ಹೋದ ವರ್ಷ ನಿಮಗೆ ಕಾಣ್ತಿತ್ತು.”

“ಸೂಜಿ.”

“ಈಗ ಹೋಗಿ ಅಳೆದುಬಿಡೋಣ. ಆರೇ ಜಾಗ, ಅರ್ಧ ಗಂಟೆ. ನೀವು ಹಿಡೀರಿ, ನಾನು ಓದ್ತೀನಿ.”

“ನೀನು ಓದ್ತೀಯ. ಸರಿ. ಇವಳ್ಯಾಕೆ ಓದ್ತಾಳೆ, ಸಾಹೇಬ್ರಿಗೆ ಏನಾಯ್ತು ಅಂತ ಫೈರ್‌ಮನ್ ಕೇಳಲ್ವಾ? ಅವನು ಕೇಳಿದ್ರೆ ಊಟದ ಹೊತ್ತಿಗೆ ಕ್ಯಾಂಟೀನೆಲ್ಲ ಕೇಳುತ್ತೆ. ಸಂಜೆಗೆ ಎಂಡಿ ಕೇಳ್ತಾರೆ. ಆಮೇಲೆ ನಿಮ್ಮಕ್ಕ ಕೇಳ್ತಾಳೆ, ಸಾಮಾನೆಲ್ಲ ಯಾವ ಬೀದಿಗೆ ಸಾಗಿಸೋಣ ಅಂತ.”

“ಅವನು ಒಲೆ ಮುಂದೆ ಕೂರೋನು, ಭಾವ.”

ಭಾವ ಕಪ್ಪನ್ನು ಎಲ್ಲಿಂದ ಎತ್ತಿದ್ದರೋ ಸರಿಯಾಗಿ ಅಲ್ಲೇ ಇಟ್ಟರು.

“ಗೆರೆ ತೆಗಿ” ಎಂದರು. “ಪಟ್ಟಿ ಹಾಕು. ನಲವತ್ತೆಂಟು ಸಾಲೂ ಒಂದೇ ಸ್ಲೈಡಲ್ಲಿ.”

“ಯಾರಿಗೂ ಓದಕ್ಕಾಗಲ್ಲ.”

“ಹೌದು” ಎಂದರು ಭಾವ.

ಅವಳು ಅವರನ್ನೇ ನೋಡುತ್ತ ನಿಂತಳು. ಮೂರು ವರ್ಷ ಹಿಂದಿನ ಕುರ್ಚಿಯವನ ಪರವಾಗಿ ವಕಾಲತ್ತು ಮಾಡಿದ ಮನುಷ್ಯ. ಒಂದು ವಿಷಯವನ್ನು ಕಾಣುವಂತೆ ಮಾಡಲು ಬಲ್ಲವನಿಗೆ ಅದನ್ನು ಎಲ್ಲರ ಎದುರಿಗೇ ಮುಚ್ಚಿಡುವ ವಿದ್ಯೆಯೂ ಒದಗುತ್ತದೆ. ಬಟ್ಟೆ ಹೊದಿಸಬೇಕಾಗಿಲ್ಲ, ನಲವತ್ತೇಳು ಜೊತೆಗಾರರನ್ನು ಪಕ್ಕಕ್ಕೆ ಕೂರಿಸಿದರೆ ಸಾಕು.

“ನಾಳೆ ಏನಾದ್ರೂ ನೆಪ ಹೇಳಿ ನಿಲ್ಲಿಸಿ ಮತ್ತೆ ಅಳೀತೀನಿ” ಎಂದರು ಅವರು, ದನಿ ತಗ್ಗಿಸಿ. “ಒಂದು ದಿನಕ್ಕೆ ಏನೂ ಆಗಲ್ಲ.”

“ಬರೆದು ಕೊಡ್ತೀರಾ?”

“ಹೋಗು” ಎಂದರು. ಗದರಲಿಲ್ಲ. ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಸಭಾಕೋಣೆಗೆ ಬಂದು ಅವಳು ಪಟ್ಟಿಯ ಸ್ಲೈಡನ್ನೂ ಮಾಡಿದಳು. ಅಕ್ಷರ ಒಂಬತ್ತರ ಗಾತ್ರ. ಅಭ್ಯಾಸಬಲದಿಂದ ಕೊನೆಯ ಕುರ್ಚಿಗೆ ಹೋಗಿ ಕೂತಳು. ಪರದೆಯ ತುಂಬ ಬೂದಿಬಣ್ಣದ ಜಿನುಗುಮಳೆ ಹಿಡಿದಂತಿತ್ತು. ಇಡೀ ಮೂರು ವರ್ಷದಲ್ಲಿ ಅವಳು ಮಾಡಿದ ಅತಿ ಕೆಟ್ಟ ಸ್ಲೈಡು. ತನ್ನ ಕೆಲಸವನ್ನು ಅದರಷ್ಟು ಚೆನ್ನಾಗಿ ಮಾಡುವ ಸ್ಲೈಡೂ ಬೇರೆ ಇರಲಿಲ್ಲ. ಗೆರೆಯ ಸ್ಲೈಡನ್ನು ಅಳಿಸಲು ಬೆರಳು ಹೋಯಿತು. ಅಳಿಸಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಳು. ಯಾವುದನ್ನು ತೋರಿಸಬೇಕಾದರೂ ಒಂದೇ ಒತ್ತು.

ಹತ್ತೂಮುಕ್ಕಾಲಿಗೆ ಅಕ್ಕನ ಮೆಸೇಜು ಬಂತು: ‘ಅವರ ಪಕ್ಕದಲ್ಲೇ ಇರು. ನಿನ್ನ ನಂಬಿದೀನಿ.’

ಹನ್ನೊಂದಕ್ಕೆ ಎಂಡಿ ಬಂದರು. ಅವರ ಎಡಕ್ಕೆ ಅರ್ಜೆಂಟು, ಬಲಕ್ಕೆ ಮಾರಾಟದ ಮುಖ್ಯಸ್ಥರು, ನಡುವೆ ಟೀ, ಬಿಸ್ಕತ್ತಿನ ತಟ್ಟೆ. ಭಾವ ಪರದೆಯ ಪಕ್ಕದಲ್ಲಿ ಬೆನ್ನು ನೇರ ಮಾಡಿ ನಿಂತರು. ಸೂಜಿ ಗೋಡೆಯ ಬದಿಯ ಮೇಜಿನಲ್ಲಿ, ಲ್ಯಾಪ್‌ಟಾಪಿನ ಹಿಂದೆ. ಭಾವ “ಮುಂದೆ” ಎಂದಾಗ ಅವಳು ಒತ್ತಬೇಕು. ಅಷ್ಟೇ ಅವಳ ಪಾತ್ರ.

ಅಗ್ನಿಶಾಮಕಗಳು. ಮುಂದೆ. ಕೈಗವಸು. ಮುಂದೆ. ಜಾರಿ ಬಿದ್ದವರು ಮೂವರು. “ಅದರಲ್ಲಿ ಒಬ್ಬರು ಜಾರಿದ್ದು ಕ್ಯಾಂಟೀನಲ್ಲಿ” ಎಂದು ಭಾವ ಹೇಳಿದಾಗ ಸಣ್ಣ ನಗು. ಮುಂದೆ. ಅವರ ದನಿಯಲ್ಲಿ ಒಂದು ಎಳೆಯೂ ಅಲುಗಿರಲಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು. ಕಿಟಕಿಯಾಚೆ, ಅಂಗಳದ ಕೊನೆಯಲ್ಲಿ, ಬಾಯ್ಲರ್ ಮನೆಯ ಬಾಗಿಲಲ್ಲಿ ಫೈರ್‌ಮನ್ ಒಂದು ಡಬ್ಬದ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದುದು ಕಾಣುತ್ತಿತ್ತು. ಕಟ್ಟಿದ, ಸರಿಹೋಗಲಿಲ್ಲವೆಂದು ಬಿಚ್ಚಿದ, ಮತ್ತೆ ಕಟ್ಟಿದ.

“ಮುಂದೆ” ಎಂದರು ಭಾವ.

ಅವಳು ಒತ್ತಿದಳು.

ಪರದೆಯ ಮೇಲೆ ಬಿಳಿಯ ನಡುವೆ ಒಂದೇ ಒಂದು ಕಪ್ಪು ಗೆರೆ ಬಂದು ನಿಂತಿತು.

“ಇದು ಮೂರನೇ ಬಾಯ್ಲರಿನ ನಲವತ್ತೆಂಟು ಜಾಗದ ಪಟ್ಟಿ” ಎಂದರು ಭಾವ. “ಅಂಕಿ ಸ್ವಲ್ಪ ಸಣ್ಣದಾಗಿದೆ, ಕ್ಷಮಿಸ್ಬೇಕು.”

“ಸಣ್ಣದಾ?” ಎಂದರು ಮಾರಾಟದ ಮುಖ್ಯಸ್ಥರು. “ಇದಕ್ಕಿಂತ ದೊಡ್ಡದು ಮಾಡ್ಬೇಕಂದ್ರೆ ಗೋಡೆ ಒಡೆಸ್ಬೇಕು ಸಾರ್.”

ಎಲ್ಲರೂ ನಕ್ಕರು, ಇನ್‌ಸ್ಪೆಕ್ಟರ್ ಸಾಹೇಬರ ಒಣ ಹಾಸ್ಯ ಎಂದುಕೊಂಡರು. ಭಾವ ನಗಲಿಲ್ಲ. ನಿಧಾನವಾಗಿ ಪರದೆಯ ಕಡೆ ತಿರುಗಿದರು. ಬೂದಿಯಿರಬೇಕಾದಲ್ಲಿ ಬಿಳಿಯಿತ್ತು. ಅಷ್ಟು ತಿಳಿಯಲು ಅವರಿಗೆ ಕಣ್ಣಿನ ಅಂಚು ಸಾಕಾಯಿತು. ಅವರ ಮುಖ ಗೋಡೆಯ ಬದಿಯ ಮೇಜಿನ ಕಡೆ, ಅವಳಿಗಿಂತ ಒಂದು ಗೇಣು ಪಕ್ಕಕ್ಕೆ ಹೊರಳಿತು. ಅವಳನ್ನು ನೋಡಬೇಕಾದಾಗ ಅವರು ಹಾಗೇ ನೋಡುತ್ತಿದ್ದುದು.

ಈಗ ಯಾರಾದರೂ ಕೇಳುತ್ತಾರೆ ಎಂದು ಸೂಜಿ ಕಾದಳು. ಸ್ಲೈಡು ಅಷ್ಟು ಸ್ಪಷ್ಟವಾಗಿತ್ತು. ಹಿಂದಿನ ಕುರ್ಚಿಯವನಲ್ಲ, ಪಕ್ಕದ ಕಟ್ಟಡದವನೂ ಓದಬಹುದಿತ್ತು.

ಎಂಡಿ ಕೇಳಲಿಲ್ಲ. ಮೆಚ್ಚಿದರು.

“ಭೇಷ್” ಎಂದರು. “ಮೂರು ವರ್ಷ ಇಳೀತಾ ಇದ್ದದ್ದು ಈ ವರ್ಷ ಚೇತರಿಸ್ಕೊಂಡಿದೆ. ಇದು ನೋಡಿ ಕೆಲಸ ಅಂದ್ರೆ.”

“ನಮ್ಮ ಮಾರಾಟದ ಗೆರೆಗಿಂತ ಚೆನ್ನಾಗಿದೆ” ಎಂದರು ಮಾರಾಟದ ಮುಖ್ಯಸ್ಥರು, ಬಿಸ್ಕತ್ತು ಅದ್ದುತ್ತ. “ಆ ಬಾಯ್ಲರನ್ನ ಎರಡು ತಿಂಗಳು ನಮ್ಮ ವಿಭಾಗಕ್ಕೆ ಕಳ್ಸಿಕೊಡಿ ಸಾರ್.”

ಈ ಒಂದನ್ನು ಮಾತ್ರ ಸೂಜಿ ಎಣಿಸಿರಲಿಲ್ಲ. ಈ ಕೋಣೆಯಲ್ಲಿ ವರ್ಷಗಟ್ಟಲೆ ಎಲ್ಲರೂ ನೋಡಿದ ಗೆರೆಗಳು ಎರಡೇ ಜಾತಿಯವು. ಇಳಿಯುವ ಗೆರೆಗೆ ಬೈಗುಳ, ಏರುವ ಗೆರೆಗೆ ಶಭಾಷ್. ಗೆರೆ ಬಟ್ಟೆಯದೋ ಕಬ್ಬಿಣದ್ದೋ ಎಂದು ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

“ಹಾಗಾದ್ರೆ ನಾಲ್ಕಕ್ಕೆ ಹಚ್ಚಿಸ್ತೀನಿ” ಎಂದು ಅರ್ಜೆಂಟು ಆಗಲೇ ಫೋನು ಕೈಗೆತ್ತಿಕೊಂಡರು. “ಮುಂದಿನ ಸ್ಲೈಡು, ಬೇಗ.”

“ಸಾರ್…” ಎಂದು ಅವಳು ಎದ್ದಳು. ದನಿ ಅರ್ಧಕ್ಕೆ ನಿಂತಿತು.

“ಇನ್ನೊಂದು ಸುತ್ತು ಟೀ ಆಮೇಲೆ ತರ್ಸಿ ಮೇಡಂ” ಎಂದರು ಅರ್ಜೆಂಟು, ತಲೆಯೆತ್ತದೆ.

ಭಾವ ಇನ್ನೂ ಪರದೆಯ ಕಡೆಗೇ ಮುಖ ಮಾಡಿದ್ದರು. ಗೆರೆ ಅವರಿಗೆ ಕಾಣುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬರು ಅವರು. ಅವರು ಏನೂ ಮಾಡಬೇಕಾಗಿರಲಿಲ್ಲ. ಮುಂದೆ ಎಂದರೆ ಸಾಕಿತ್ತು. ಹದಿನೈದನೆಯ ಸ್ಲೈಡು ಬರುತ್ತಿತ್ತು. ಮನೆ, ಮಕ್ಕಳ ಶಾಲೆ, ಹತ್ತು ತಿಂಗಳು ಕಾಪಾಡಿಕೊಂಡ ಗುಟ್ಟು, ಎಲ್ಲದರ ಜೊತೆಗೆ ಎಂಡಿಯವರ ಭೇಷ್ ಕೂಡ ಕೈಸೇರಿತ್ತು.

“ಹಚ್ಚೋದು ಬೇಡ” ಎಂದರು ಭಾವ.

ಅರ್ಜೆಂಟು ಫೋನನ್ನು ಕಿವಿಯಿಂದ ತೆಗೆದರು. “ಏನಂದ್ರಿ?”

“ಕಬ್ಬಿಣ ಚೇತರಿಸ್ಕೊಳ್ಳಲ್ಲ. ಸವೆಯೋದೊಂದೇ ಅದಕ್ಕೆ ಗೊತ್ತು. ಗೆರೆ ಮೇಲಕ್ಕೆ ಹೋಗಿದೆ ಅಂದ್ರೆ ಅಳತೆ ತಪ್ಪು ಅಂತ ಅರ್ಥ.”

“ಯಾರು ಅಳೆದಿದ್ದು?” ಎಂದು ಎಂಡಿ ಕೇಳಿದರು.

“ನಾನು.”

“ಓ. ಮೀಟರ್ ಕೆಟ್ಟಿರಬೇಕು.” ಎಂಡಿಯವರ ದನಿ ಮೃದುವಾಗಿತ್ತು. ಇಪ್ಪತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರಿಗೆ ಕುರ್ಚಿ ಸರಿಸಿಕೊಟ್ಟ ಹಾಗಿತ್ತು. “ಹೊಸದು ತರ್ಸಿ. ಅದಕ್ಕೇನಂತೆ.”

ಹೌದು ಎಂದರೆ ಸಾಕು. ಹೊಸ ಮೀಟರ್ ಬರುತ್ತದೆ, ಬೇರೆ ಯಾರಾದರೂ ಓದುತ್ತಾರೆ, ಬಾಯ್ಲರೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಹೌದು ಅನ್ನಿ ಭಾವ, ಅನ್ನಿ, ಎಂದು ಸೂಜಿಯ ಒಳಗೇ ಯಾರೋ ಅಂಗಲಾಚುತ್ತಿದ್ದರು.

ಭಾವ ಮೇಜಿನ ಅಂಚನ್ನು ಹುಡುಕಿ ಹಿಡಿದುಕೊಂಡರು.

“ಮೀಟರ್ ಚೆನ್ನಾಗಿದೆ ಸಾರ್” ಎಂದರು. “ಹೊಸದು ತಂದ್ರೆ ಮುಂದಿನ ವರ್ಷ ಅದನ್ನೂ ನಾನೇ ಹಿಡ್ಕೊಂಡು ನಿಂತಿರ್ತೀನಿ. ನಂಗೆ ಕಣ್ಣು ಕಾಣಲ್ಲ.”

ಮಾರಾಟದ ಮುಖ್ಯಸ್ಥರ ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು. ಯಾರೂ ನಗಲಿಲ್ಲ.

“ಅಂದ್ರೆ… ಕನ್ನಡಕದ ನಂಬರು…” ಎಂದರು ಅರ್ಜೆಂಟು. ಮೊದಲ ಬಾರಿಗೆ ಅವರ ಮಾತು ನಿಧಾನವಾಗಿತ್ತು.

“ಕನ್ನಡಕಕ್ಕೆ ಸಿಗೋದಲ್ಲ. ಹತ್ತು ತಿಂಗಳಾಯ್ತು. ಮುಂಚೆ ಸ್ವಲ್ಪ ಸ್ವಲ್ಪ, ಈಗ ನೀವು ಎಲ್ಲಿ ಕೂತಿದೀರಿ ಅಂತ ದನಿಯಿಂದ ಗೊತ್ತಾಗುತ್ತೆ.”

ಎಂಡಿ ಪರದೆಯ ಮೇಲಿನ ದೈತ್ಯ ಅಂಕಿಗಳನ್ನು ನೋಡಿದರು, ಭಾವನನ್ನು ನೋಡಿದರು, ಆಮೇಲೆ ಗೋಡೆಯ ಬದಿಗೆ ತಿರುಗಿದರು.

“ನಿಮಗೆ ಗೊತ್ತಿತ್ತೇನಮ್ಮ?”

“ಅವಳಿಗೆ ಗೊತ್ತಿರ್ಲಿಲ್ಲ” ಎಂದರು ಭಾವ ತಟ್ಟನೆ.

“ಗೊತ್ತಿತ್ತು ಸಾರ್” ಎಂದಳು ಸೂಜಿ. ಈ ಸಲ ದನಿ ಪೂರ್ತಿ ಬಂತು. “ಮೊದಲಿಂದ ಗೊತ್ತಿತ್ತು. ಅಳತೆ ತಪ್ಪಿರಬಹುದು ಅಂತ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ.”

ಹನ್ನೆರಡೂಕಾಲಿಗೆ ಎಲ್ಲರೂ ಬಾಯ್ಲರ್ ಮನೆಯಲ್ಲಿದ್ದರು. ಇಷ್ಟು ಇಸ್ತ್ರಿ ಬಟ್ಟೆಗಳನ್ನು ಒಟ್ಟಿಗೆ ಅಲ್ಲಿ ಕಂಡಿರದ ಫೈರ್‌ಮನ್ ಪುಸ್ತಕ, ಪೆನ್ನು ಹಿಡಿದು ಗೋಡೆಗೊರಗಿ ನಿಂತಿದ್ದ. ಏನಾಯಿತೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಭಾವ ಮೊಣಕಾಲೂರಿ ಬಾಯ್ಲರಿನ ಹೊಟ್ಟೆಯ ಕೆಳಗೆ ಬಗ್ಗಿದರು. ಅಲ್ಲಿ ಅವರಿಗೆ ಕಣ್ಣು ಬೇಕಾಗಲಿಲ್ಲ. ಬೆಸುಗೆಯ ಸಾಲಿನ ಮೇಲೆ ಬೆರಳಾಡಿಸಿ, ಗೇಣು ಹಾಕಿ, ಮೊದಲ ಜಾಗ ಹುಡುಕಿದರು. ಚಿಂದಿಯಲ್ಲಿ ಒರೆಸಿ, ಅಂಟುದ್ರವ ಸವರಿ, ಮೀಟರಿನ ಗುಂಡಿಯಂಥ ತುದಿಯನ್ನು ಒತ್ತಿ ಹಿಡಿದರು.

“ಓದು.”

ಸೂಜಿ ಮೀಟರಿನ ಹತ್ತಿರ ಮುಖ ತಂದಳು. “ಎಂಟು ಪಾಯಿಂಟ್ ಸೊನ್ನೆ.”

ಫೈರ್‌ಮನ್ ಬರೆದುಕೊಂಡ.

“ಎರಡನೇದು. ಓದು.”

“ಎಂಟು ಪಾಯಿಂಟ್ ಸೊನ್ನೆ.”

“ಮೂರು.”

ಅವಳು ಸ್ವಲ್ಪ ತಡೆದಳು. ಅಂಕಿ ಒಂದು ಕ್ಷಣ ಓಲಾಡಿ ನಿಂತಿತು. “ಏಳು ಪಾಯಿಂಟ್ ಒಂಬತ್ತು.”

ಪೆನ್ನು ಬರೆಯುವ ಸದ್ದು ಬರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಫೈರ್‌ಮನ್ ಪುಸ್ತಕವನ್ನಲ್ಲ, ಬಾಯ್ಲರನ್ನು ನೋಡುತ್ತಿದ್ದ. ಬಹಳ ಕಾಲದಿಂದ ಬಲ್ಲವರ ಬಾಯಲ್ಲಿ ಬರಬಾರದ ಮಾತು ಕೇಳಿದವನ ಮುಖ ಅದು.

“ಬರ್ಕೊಳಪ್ಪ” ಎಂದರು ಭಾವ, ಕೆಳಗಿನಿಂದ. ಆಮೇಲೆ, ದನಿ ಬದಲಿಸಿ, “ನನ್ನ ತಪ್ಪು. ಮೊದಲಂಕಿ ಎಂಟೇ ಇರುತ್ತೆ ಅಂದ್ಕೊಂಡು ನಿಂಗೆ ನಾನು ಎಂಟು ಎಂಟು ಅಂತ ಬರೆಸಿದ್ದು.”

ಫೈರ್‌ಮನ್ ಪೆನ್ನು ಕಾಗದಕ್ಕೆ ಒತ್ತಿದ ರಭಸಕ್ಕೆ ಹಾಳೆ ತುಸು ಹರಿಯಿತು.

ಆರು ಜಾಗದಲ್ಲಿ ಐದು ಮಿತಿಯ ಕೆಳಗಿದ್ದವು. ಒಲೆಯ ಬಾಗಿಲಿಗೆ ಬೀಗ ಹಾಕಿ ಎಂದು ಎಂಡಿ ಅರ್ಜೆಂಟಿಗೆ ಹೇಳಿದರು. ಎಲ್ಲದಕ್ಕೂ ಬೇಗ ಎನ್ನುವ ಅರ್ಜೆಂಟು ‘ಯಾವಾಗ?’ ಎಂದು ಕೇಳಿದ್ದಕ್ಕೂ ಯಾರಿಗೂ ನಗು ಬರಲಿಲ್ಲ. ಎಂಡಿ ಹೊರಡುವ ಮುನ್ನ ಭಾವನ ಹತ್ತಿರ ಬಂದು, “ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ. ಇಬ್ಬರೂ” ಎಂದರು. ದನಿಯಲ್ಲಿ ಕೋಪವಿತ್ತೋ ಇನ್ನೇನಿತ್ತೋ, ಅವರಿಗೇ ಆಗ ಗೊತ್ತಿದ್ದಂತೆ ಕಾಣಲಿಲ್ಲ. ಉಳಿದವರು ಅವರ ಹಿಂದೆ ನಡೆದರು.

ಭಾವ ಎದ್ದು ನಿಲ್ಲಲಿಲ್ಲ. “ಇನ್ನೂ ನಲವತ್ತೆರಡಿದೆ” ಎಂದರು.

“ಬೀಗ ಹಾಕಾಯ್ತಲ್ಲ ಸಾರ್” ಎಂದ ಫೈರ್‌ಮನ್.

“ಪುಸ್ತಕದಲ್ಲಿ ನನ್ನ ಸಹಿ ಇದೆ. ಸುಳ್ಳಂಕಿ ಇಟ್ಟು ಹೋಗಲ್ಲ. ನಿಂಗೆ ಬರೆಯಕ್ಕೆ ಇಷ್ಟ ಇಲ್ದಿದ್ರೆ ಹೇಳು.”

ಫೈರ್‌ಮನ್ ಹರಿದ ಹಾಳೆಯನ್ನು ಮಗುಚಿ ಹೊಸ ಹಾಳೆಯ ತಲೆಯ ಮೇಲೆ ತಾರೀಖು ಬರೆದ.

ಆಗ ಸೂಜಿಯ ಫೋನು ಬಡಿದುಕೊಂಡಿತು. ಅಕ್ಕ. ಕೈಯೆಲ್ಲ ಅಂಟಾಗಿತ್ತು. ಎರಡು ಬೆರಳಲ್ಲಿ ಎತ್ತಿ ಕಿವಿಗಿಟ್ಟುಕೊಂಡಳು.

“ಹೇಗಾಯ್ತೇ ಸಭೆ? ಏನೂ ತೊಂದ್ರೆ ಆಗ್ಲಿಲ್ಲ ತಾನೆ?”

ಅವಳು ಬಾಯಿ ತೆರೆಯುವ ಮೊದಲೇ ಭಾವ ಕೆಳಗಿನಿಂದ ಕೈ ಚಾಚಿದರು. “ಕೊಡಿಲ್ಲಿ.”

“ನಾನು ಕಣೇ” ಎಂದರು ಫೋನಿಗೆ. “ಹೂಂ. ಹೇಳ್ಬಿಟ್ಟೆ… ಎಲ್ಲರಿಗೂ.” ಆ ಕಡೆಯಿಂದ ಬಹಳ ಹೊತ್ತು ಏನೋ ಕೇಳಿಸಿತು. “ಅವಳನ್ನ ಬೈಬೇಡ. ಅವಳು ನನ್ನ ಬಾಯಿ ಬಿಡಿಸ್ಲಿಲ್ಲ, ನಾನೇ ಬಿಟ್ಟಿದ್ದು… ಮನೆ ವಿಷಯ ಸಂಜೆ ಕೂತು ಮಾತಾಡೋಣ. ಅಳ್ಬೇಡ. ಈಗ ಕೆಲಸದಲ್ಲಿದೀನಿ.”

ಫೋನನ್ನು ವಾಪಸು ಕೊಟ್ಟರು. ಚಿಂದಿ ಹುಡುಕಿ ಏಳನೆಯ ಜಾಗವನ್ನು ಒರೆಸಿದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ಮೀಟರಿನ ತುದಿಯನ್ನು ತಗಡಿಗೆ ಒತ್ತಿ, ಮುಖವನ್ನು ಅತ್ತ ತಿರುಗಿಸಿಕೊಂಡು, “ಓದು” ಎಂದರು.

ಸೂಜಿ ಓದಿದಳು.